ಸೋಂಪಿನ ತಟ್ಟೆಯ ಚಿಲ್ಲರೆ

ವಾದಿ ಕಬೀರಿನಲ್ಲಿ ಶುಕ್ರವಾರ ಮಧ್ಯಾಹ್ನದ್ದೇ ನಮಗೆ ವಾರದ ಊಟ. ಉಳಿದ ಆರು ದಿನ ಹೊಟ್ಟೆಗೆ ಏನೋ ಹಾಕಿಕೊಳ್ಳುವುದು, ಅಷ್ಟೆ. ಗ್ಯಾರೇಜಿನವರು, ಫರ್ನಿಚರ್ ಅಂಗಡಿಯವರು, ಸೂಪರ್ ಮಾರ್ಕೆಟ್ಟಿನ ಹುಡುಗರು ಎಲ್ಲ ಮಿಂದು ಇಸ್ತ್ರಿ ಅಂಗಿ ಹಾಕಿ ಹೊರಬೀಳುವ ದಿನ. ಅಂಥ ಒಂದು ಶುಕ್ರವಾರ ನಾವು ನಾಲ್ಕು ಜನ ಊಟಕ್ಕೆ ಹೋಗಿದ್ದೆವು. ಬಿಲ್ಲು 3 ರಿಯಾಲ್ 700 ಬೈಸಾ. ನಾಲ್ಕು ರಿಯಾಲ್ ಕೊಟ್ಟೆವು. ಸೋಂಪಿನ ತಟ್ಟೆಯಲ್ಲಿ ನೂರು ಬೈಸಾದ ಮೂರು ನೋಟು ವಾಪಸ್ ಬಂತು.

ಆ ಮೂರು ನೋಟಿನ ಮೇಲೆ ಇಪ್ಪತ್ತು ನಿಮಿಷ ಚರ್ಚೆ ಆಯಿತು. ಒಬ್ಬ ಹೇಳಿದ, "ಬಿಡು ಮಾರಾಯ, ಪಾಪದ ಹುಡುಗ." ಇನ್ನೊಬ್ಬ ಹೇಳಿದ, "ಅವನಿಗೆ ಸಂಬಳ ಇಲ್ವಾ? ನಾನು ಗಾಡಿ ರಿಪೇರಿ ಮಾಡಿದ್ರೆ ನನಗೆ ಯಾರು ಕೊಡ್ತಾರೆ?" ಮೂರನೆಯವನು ಲೆಕ್ಕದವ. "300 ಬೈಸಾ ಅಂದ್ರೆ ಊರಲ್ಲಿ ಅರವತ್ತು ರೂಪಾಯಿಗಿಂತ ಮೇಲೆ ಆಯ್ತು" ಅಂದ. ನಾನು ಸುಮ್ಮನಿದ್ದೆ. ಯಾಕೆಂದರೆ ಇಪ್ಪತ್ತಕ್ಕೂ ಹೆಚ್ಚು ವರ್ಷ ನಾನು ಮುಂಬಯಿಯಲ್ಲಿ ಇಂಥದೇ ಸೋಂಪಿನ ತಟ್ಟೆ ಹಿಡಿದು ಟೇಬಲಿನ ಪಕ್ಕ ನಿಂತವನು. ತಟ್ಟೆಯ ಆ ಕಡೆ ನಿಂತಾಗ ಜಗತ್ತು ಹೇಗೆ ಕಾಣುತ್ತದೆ ಎಂದು ನನಗೆ ಗೊತ್ತು. ಈಗ ಈ ಕಡೆ ಕೂತಿದ್ದೇನೆ, ಇಲ್ಲಿಂದಲೂ ಗೊತ್ತು. ಅದಕ್ಕೇ ಈ ಸಲದ ಸಂಚಿಕೆಗೆ ಇದನ್ನೇ ಬರೆಯೋಣ ಎಂದುಕೊಂಡೆ. ನಮ್ಮಲ್ಲಿ ಅರ್ಧ ಜನ ಒಂದಲ್ಲ ಒಂದು ಕಾಲದಲ್ಲಿ ಹೋಟೆಲಿನ ಅನ್ನ ತಿಂದವರೇ. ಆದರೆ ಈ ಟಿಪ್ಸಿನ ಇತಿಹಾಸ ಏನು, ಅದು ಯಾರ ದುಡ್ಡು ಎಂದು ಕೂತು ಯೋಚಿಸಿದವರು ಕಡಿಮೆ.

ಮೊದಲು ಶಬ್ದ. 'ಟಿಪ್' ಎಂದರೆ ಬೇಗ ಸೇವೆ ಸಿಗಲೆಂದು ಕೊಡುವ ಹಣ, ಇಂಗ್ಲಿಷಿನ ಮೂರು ಪದಗಳ ಮೊದಲಕ್ಷರ ಕೂಡಿಸಿ ಆದದ್ದು ಎಂದು ವಾಟ್ಸಾಪಿನಲ್ಲಿ ಬರುತ್ತದಲ್ಲ, ಅದು ಕಟ್ಟುಕತೆ. ಅದು ಹಳೆಯ ಇಂಗ್ಲೆಂಡಿನ ಕಳ್ಳಕಾಕರ ಗುಪ್ತಭಾಷೆಯಲ್ಲಿ 'ಕೊಡು' ಎನ್ನುವುದಕ್ಕೆ ಇದ್ದ ಮಾತು. ನಮ್ಮಲ್ಲಿ ಮೊದಲಿನಿಂದ ಇದ್ದದ್ದು ಬಕ್ಷೀಸು ಮತ್ತು ಇನಾಮು. ಬಕ್ಷೀಸು ಪಾರಸಿಯಿಂದ ಬಂತು, ಇನಾಮು ಅರಬ್ಬಿಯಿಂದ. ಎರಡೂ ಮೇಲಿದ್ದವನು ಕೆಳಗಿದ್ದವನಿಗೆ ಮೆಚ್ಚಿ ಕೊಡುವುದು. ಅರಸ ಕೊಟ್ಟರೆ ಇನಾಂ ಜಮೀನು, ಸಾಹೇಬ ಕೊಟ್ಟರೆ ಬಕ್ಷೀಸು. ಇಲ್ಲಿಯ ಅರಬ್ಬಿಯಲ್ಲಿ ಬಕ್ಷೀಸನ್ನೇ 'ಬಕ್ಶೀಶ್' ಅನ್ನುತ್ತಾರೆ. 'ಇಕ್ರಾಮಿಯಾ' ಎಂಬ ಇನ್ನೊಂದು ಮಾತೂ ಇದೆ, ಅದರಲ್ಲಿ ಗೌರವ ಮಾಡುವುದು ಎಂಬ ಅರ್ಥ ಅಡಗಿದೆ. ನನಗೆ ಆ ಮಾತು ಹೆಚ್ಚು ಇಷ್ಟ. ಇನ್ನೊಂದು ಸ್ವಾರಸ್ಯ: ಒಂದು ಕಾಲದಲ್ಲಿ ಮಸ್ಕತ್ತಿನಲ್ಲಿ ಬಕ್ಷೀಸು ಕೊಟ್ಟಿದ್ದರೆ ಅದೂ ರೂಪಾಯಿಯಲ್ಲೇ. ನಮ್ಮ ರೂಪಾಯಿ ಇಲ್ಲಿ ಓಡುತ್ತಿತ್ತು. 1959ರಲ್ಲಿ ನಮ್ಮ ರಿಸರ್ವ್ ಬ್ಯಾಂಕು ಕೊಲ್ಲಿಗೆಂದೇ ಬೇರೆ ಬಣ್ಣದ ರೂಪಾಯಿ ನೋಟು ಹೊರಡಿಸಿತು. 1970ರಲ್ಲಿ ರಿಯಾಲ್ ಬರುವವರೆಗೂ ಅದೇ ಇತ್ತು.

ಇನ್ನು ನಮ್ಮ ಹೋಟೆಲುಗಳ ಕಡೆ ಬರುತ್ತೇನೆ. ಕರಾವಳಿಯ ಹೋಟೆಲಿನ ಕತೆ ನಿಮಗೆ ಹೊಸದಲ್ಲ. ಕೋಟದ ಹತ್ತಿರದ ಪಾರಂಪಳ್ಳಿಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ತೆರೆದ ಸಣ್ಣ ಕಾಫಿ ಕ್ಲಬ್ಬು ಮುಂದೆ ಎಂಟಿಆರ್ ಆಯಿತು. ಮುಂಬಯಿಯ ಮಾಟುಂಗದಲ್ಲಿ ರಾಮ ನಾಯಕರು 1942ರಲ್ಲಿ ಉಡುಪಿ ಶ್ರೀ ಕೃಷ್ಣ ಬೋರ್ಡಿಂಗ್ ತೆರೆದರು. ಅದರ ಮರುವರ್ಷ ಗಾಂಧಿ ಬಜಾರಿನಲ್ಲಿ ಸಾಲಿಗ್ರಾಮದ ಉರಾಳರ ವಿದ್ಯಾರ್ಥಿ ಭವನ ಶುರುವಾಯಿತು. ಮದರಾಸಿನಲ್ಲಿ ಕೃಷ್ಣರಾಯರ ವುಡ್‌ಲ್ಯಾಂಡ್ಸ್ ಅಷ್ಟರಲ್ಲೇ ಹೆಸರು ಮಾಡಿತ್ತು. ಈ ಯಜಮಾನರಲ್ಲಿ ಕೃಷ್ಣರಾಯರಂತೆ ಪಾತ್ರೆ ತೊಳೆಯುವುದರಿಂದ ಮೇಲೆ ಬಂದವರ ಕತೆ ಪುಸ್ತಕಗಳಲ್ಲಿದೆ, ಓದಲು ಚಂದ. ಆದರೆ ಪಾತ್ರೆ ತೊಳೆಯುತ್ತಲೇ ಉಳಿದವರ ಕತೆ ಯಾರೂ ಬರೆದಿಲ್ಲ. ಅಂಥವರೇ ಹೆಚ್ಚು.

ಆಗಿನ ಲೆಕ್ಕಾಚಾರ ಹೀಗಿತ್ತು. ಊರಿನಿಂದ ಹುಡುಗ ಬರುತ್ತಾನೆ. ಊಟ ಹೋಟೆಲಿನದು, ಮಲಗುವುದು ಹೋಟೆಲಿನಲ್ಲೇ, ರಾತ್ರಿ ಬಾಗಿಲು ಹಾಕಿದ ಮೇಲೆ ಟೇಬಲು ಜೋಡಿಸಿ. ಸಂಬಳ ಯಜಮಾನರ ಹತ್ತಿರವೇ ಜಮೆ. ಮಳೆಗಾಲಕ್ಕೆ ಮುಂಚೆ ಮನಿಯಾರ್ಡರಿನಲ್ಲಿ ಊರಿಗೆ ಹೋಗುತ್ತದೆ. ಹುಡುಗನ ಕೈಗೆ ಸಿಗುವ ರೊಕ್ಕ ಎಂದರೆ ಗಿರಾಕಿ ಬಿಟ್ಟುಹೋದ ಚಿಲ್ಲರೆ ಮಾತ್ರ. ಸಾಬೂನು, ಸಿನಿಮಾ, ಬೀಡಿ ಎಲ್ಲ ಅದರಲ್ಲೇ ಆಗಬೇಕು. ತಿಂಗಳ ಕೂಪನ್ನಿನಲ್ಲಿ ಊಟ ಮಾಡುವ ಬೋರ್ಡಿಂಗುಗಳಲ್ಲಿ ಅದೂ ಇಲ್ಲ, ದಿನ ದಿನ ದುಡ್ಡು ಕೈ ಬದಲಿಸುವುದೇ ಇಲ್ಲವಲ್ಲ. ಅಲ್ಲಿ ಏನಿದ್ದರೂ ದೀಪಾವಳಿಗೆ. ಮುಂಬಯಿಯಲ್ಲಿ ಅದಕ್ಕೆ ಮರಾಠಿಯಲ್ಲಿ 'ಪೋಸ್ತ್' ಎನ್ನುತ್ತಾರೆ. ಪೋಸ್ಟಿನವ, ಹಾಲಿನವ, ಕಟ್ಟಡದ ಕಾವಲಿನವ ಎಲ್ಲರೂ ಕೇಳುತ್ತಾರೆ, ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಹಬ್ಬಕ್ಕೆ ಕೇಳುವುದು ಹಕ್ಕು, ಮಾಮೂಲಿ ದಿನ ಕೇಳಿದರೆ ಭಿಕ್ಷೆ. ಈ ಗೆರೆಯನ್ನು ಯಾರು ಎಳೆದರೋ!

ನಾನು 1984ರಲ್ಲಿ ಕುಂದಾಪುರದ ಕಡೆಯಿಂದ ಮುಂಬಯಿಗೆ ಹೋದೆ, ಹದಿನೈದು ವರ್ಷ. ಮೊದಲು ಮೋರಿ, ಅಂದರೆ ಪಾತ್ರೆ ತೊಳೆಯುವ ಜಾಗ. ಆಮೇಲೆ ಫಡ್ಕಾ ಹಿಡಿದು ಟೇಬಲು ಒರೆಸುವುದು. ಆಮೇಲೆ ಆಫೀಸುಗಳಿಗೆ ಚಾ ಕೊಂಡುಹೋಗುವ ಬಾಹರ್‌ವಾಲಾ. ಟೇಬಲು ಸಿಗಲು ಎರಡು ವರ್ಷ ಬೇಕಾಯಿತು. ಟೇಬಲು ಸಿಕ್ಕಿದ ದಿನವೇ ಐವತ್ತು ಪೈಸೆಯ ನಾಣ್ಯ ತಟ್ಟೆಯಲ್ಲಿ ಉಳಿಯಿತು. ಗಿರಾಕಿ ಮರೆತು ಹೋದದ್ದು ಎಂದು ಹಿಂದೆ ಓಡಿದೆ! ಅವರು ತಿರುಗಿ ನಕ್ಕರು. ಗಲ್ಲೆಯಲ್ಲಿ ಕೂತಿದ್ದ ಯಜಮಾನರು ಮಾತ್ರ ನಗಲಿಲ್ಲ. ಅವತ್ತು ರಾತ್ರಿ ಸಂಬಳ ಏರಿಸುವ ಮಾತು ಎತ್ತಿದಾಗ ಅವರು ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ: "ಏರಿಸೂದೆಂತಕ್ಕೆ? ಇನ್ನ್ ಮೇಲಿಂದ್ ಉಂಟಲ್ದಾ ನಿಂಗೆ."

'ಮೇಲಿಂದು'. ಹೋಟೆಲಿನಲ್ಲಿ ಟಿಪ್ಸಿಗೆ ಇದ್ದ ಹೆಸರೇ ಅದು, ಸಂಬಳದ ಮೇಲಿನದ್ದು ಎಂದು. ಆದರೆ ಯಜಮಾನರ ಲೆಕ್ಕದಲ್ಲಿ ಅದು ಮೇಲಿನದ್ದಲ್ಲ, ಒಳಗಿನದ್ದೇ. ಗಿರಾಕಿ ಒಂದು ರೂಪಾಯಿ ಬಿಟ್ಟರೆ ಯಜಮಾನರಿಗೆ ಒಂದು ರೂಪಾಯಿ ಉಳಿಯಿತು. ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಹತ್ತು ವರ್ಷ ಹಿಡಿಯಿತು. ಒಳಗಿದ್ದ ಭಟ್ಟರಿಗೆ, ಮೋರಿಯ ಹುಡುಗನಿಗೆ ಆ 'ಮೇಲಿಂದು' ಕೂಡ ಇರಲಿಲ್ಲ. ದೋಸೆ ಚೆನ್ನಾಗಿದ್ದುದಕ್ಕೆ ಗಿರಾಕಿ ಬಿಟ್ಟ ಚಿಲ್ಲರೆ ದೋಸೆ ಹೊಯ್ದವನಿಗೆ ಸೇರುತ್ತಿರಲಿಲ್ಲ, ಹೊತ್ತು ತಂದ ನನಗೆ ಸೇರುತ್ತಿತ್ತು. ಭಟ್ಟರು ಸಿಟ್ಟು ಬಂದಾಗ ನನ್ನ ಟೇಬಲಿನ ಆರ್ಡರನ್ನು ಬೇಕೆಂತಲೇ ಕೊನೆಗೆ ಹಾಕುತ್ತಿದ್ದರು. ಆಗ ಅವರ ಮೇಲೆ ಕೋಪ ಬರುತ್ತಿತ್ತು, ಈಗಿಲ್ಲ.

ಇದರ ವಿರುದ್ಧ ಯಾರೂ ಮಾತಾಡಲಿಲ್ಲವಾ ಅಂದರೆ, ಮಾತಾಡಿದರು. ಜಾರ್ಜ್ ಫರ್ನಾಂಡಿಸರನ್ನು ನಾವು ಕೊಂಕಣ ರೈಲು ಹತ್ತುವಾಗ ನೆನೆಯುತ್ತೇವೆ, ರಕ್ಷಣಾ ಮಂತ್ರಿ ಎಂದು ನೆನೆಯುತ್ತೇವೆ. ಅವರು 1949ರಲ್ಲಿ ಬೆಂಗಳೂರಿನ ಸೆಮಿನರಿ ಬಿಟ್ಟು ಬಂದು ಮೊದಲು ಸಂಘಟಿಸಿದ್ದು ಮಂಗಳೂರಿನ ಹೋಟೆಲ್ ಮತ್ತು ಸಾರಿಗೆ ಕೆಲಸಗಾರರನ್ನು. ಆಮೇಲೆ ಮುಂಬಯಿಗೆ ಹೋದದ್ದು, ಚೌಪಾಟಿಯ ಮರಳಿನಲ್ಲಿ ಮಲಗಿದ್ದು. ಹತ್ತೊಂಬತ್ತರ ಹುಡುಗ ಹೋಟೆಲಿನ ಮಾಣಿಗಳ ಸಂಬಳ, ಕೆಲಸದ ಹೊತ್ತು ಎಂದು ಮಾತಾಡುತ್ತಾ ಮಂಗಳೂರಿನ ಬೀದಿ ತಿರುಗಿದ್ದನ್ನು ನಾವು ಮರೆತಿದ್ದೇವೆ.

ಇನ್ನೊಂದು ದಾರಿ ಕಾಫಿ ಹೌಸಿನದು. ಕಾಫಿ ಬೋರ್ಡು ತಾನು ನಡೆಸುತ್ತಿದ್ದ ಕಾಫಿ ಹೌಸುಗಳನ್ನು ಐವತ್ತರ ದಶಕದಲ್ಲಿ ಮುಚ್ಚಲು ಹೊರಟಾಗ ಕೆಲಸಗಾರರು ಬೀದಿಗೆ ಬೀಳುವಂತಾಯಿತು. ಕೇರಳದ ಎ. ಕೆ. ಗೋಪಾಲನ್ ಅವರು ಕೆಲಸಗಾರರೇ ಸೇರಿ ನಡೆಸಿ ಎಂದು ಮುಂದೆ ನಿಂತರು. ಅಂಥ ಮೊದಲ ಸಹಕಾರ ಸಂಘ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ, 1957ರ ಆಗಸ್ಟ್ 19ರಂದು. ಎಂ. ಜಿ. ರಸ್ತೆಯ ಕಾಫಿ ಹೌಸಿನಲ್ಲಿ ಬಿಳಿ ಯೂನಿಫಾರ್ಮು, ಪೇಟ ತೊಟ್ಟು ಕಾಫಿ ತಂದುಕೊಡುತ್ತಿದ್ದವರು ಆ ಸಂಘದ ಪಾಲುದಾರರು, ಅಂದರೆ ಯಜಮಾನರೇ. 2009ರಲ್ಲಿ ಅದು ಆ ಜಾಗ ಬಿಟ್ಟು ಚರ್ಚ್ ಸ್ಟ್ರೀಟಿಗೆ ಹೋಯಿತು. ಅಲ್ಲಿ ನಾನು ಒಮ್ಮೆ ಕಾಫಿ ಕುಡಿದು ಹತ್ತು ರೂಪಾಯಿ ಬಿಟ್ಟೆ. ಹಿರಿಯರೊಬ್ಬರು ಆರಾಮಾಗಿ ಎತ್ತಿ ಜೇಬಿಗೆ ಹಾಕಿಕೊಂಡರು. ಬಗ್ಗಲಿಲ್ಲ, ಸಲಾಂ ಹೊಡೆಯಲಿಲ್ಲ. ನನಗೆ ಅದೇ ಖುಷಿಯಾಯಿತು.

ಮತ್ತೆ ಬಂತು ದರ್ಶಿನಿ. 1983ರಲ್ಲಿ ಆರ್. ಪ್ರಭಾಕರ್ ಅವರು ಜಯನಗರದಲ್ಲಿ ಕೆಫೆ ದರ್ಶಿನಿ ತೆರೆದರು. ಗಲ್ಲೆಯಲ್ಲಿ ದುಡ್ಡು ಕೊಟ್ಟು ಟೋಕನ್ ತಗೊಳ್ಳುವುದು, ನಾವೇ ತಟ್ಟೆ ಎತ್ತಿಕೊಳ್ಳುವುದು, ನಿಂತೇ ತಿನ್ನುವುದು. ಇಡ್ಲಿ ಅಗ್ಗವಾಯಿತು, ಬೇಗ ಸಿಕ್ಕಿತು. ಆಫೀಸಿಗೆ ಓಡುವವರಿಗೆ ಅದು ದೊಡ್ಡ ಉಪಕಾರ, ಸುಳ್ಳಲ್ಲ. ಆದರೆ ಅದರಲ್ಲಿ ಒಬ್ಬ ಮನುಷ್ಯ ಕಾಣೆಯಾದ. ಆತ ಸಪ್ಲಯರ್. ಅವನ ಜೊತೆ ಟಿಪ್ಸೂ ಹೋಯಿತು. ಬೆಂಗಳೂರಿನಲ್ಲಿ ದಿನಕ್ಕೆ ಮೂರು ಹೊತ್ತು ಹೊರಗೆ ತಿನ್ನುವವನು ವರ್ಷವಿಡೀ ಒಂದು ರೂಪಾಯಿ ಟಿಪ್ಸ್ ಕೊಡದೆ ಬದುಕಬಹುದು, ಅವನನ್ನು ಜಿಪುಣ ಎನ್ನಲಾಗದು. ಟೇಬಲು ಒರೆಸುವವರು, ಪಾತ್ರೆ ತೊಳೆಯುವವರು ಇದ್ದೇ ಇದ್ದಾರೆ. ಆದರೆ ಅವರ ಕೈಗೂ ನಮ್ಮ ಕೈಗೂ ನಡುವೆ ತಟ್ಟೆಯೇ ಇಲ್ಲ. ಎಂಟಿಆರಿನಲ್ಲಿ ಗಿರಾಕಿಗಳು ಅಡುಗೆಮನೆ ದಾಟಿಯೇ ಊಟದ ಕೋಣೆಗೆ ಹೋಗುತ್ತಿದ್ದರಂತೆ, ಸ್ವಚ್ಛತೆ ನೋಡಲಿ ಎಂದು. ದರ್ಶಿನಿಯಲ್ಲಿ ಒಳಗಿನವರು ಯಾರೆಂದು ನಮಗೆ ಗೊತ್ತೇ ಆಗುವುದಿಲ್ಲ. ಕಣ್ಣಿಗೆ ಬಿದ್ದವನಿಗೆ ಮಾತ್ರ ಟಿಪ್ಸು.

ಬಾರಿನ ವಿಷಯಕ್ಕೆ ಬಂದರೆ ಲೆಕ್ಕವೇ ಬೇರೆ. ತೊಂಬತ್ತರ ದಶಕದಲ್ಲಿ ನಾನು ಹೋಟೆಲಿನಿಂದ ಪರ್ಮಿಟ್ ರೂಮಿಗೆ ಹೋದೆ. ಮಹಾರಾಷ್ಟ್ರದಲ್ಲಿ ಬಾರಿಗೆ ಸರಕಾರಿ ಹೆಸರು ಅದು. ಇಡ್ಲಿ ತಿಂದವನು ಎಂಟಾಣೆ ಬಿಟ್ಟರೆ ಎರಡನೇ ಪೆಗ್ಗಿನವನು ಹತ್ತು ಬಿಡುತ್ತಿದ್ದ, ನಾಲ್ಕನೇ ಪೆಗ್ಗಿನವನು ಐವತ್ತು. ಮರುದಿನ ಅದೇ ಮನುಷ್ಯ ಬಂದು "ನಿನ್ನೆ ನನ್ನ ಐವತ್ತು ಎಲ್ಲಿ?" ಎಂದು ಜಗಳ ತೆಗೆದದ್ದೂ ಉಂಟು. ನಮ್ಮದು ಸಾದಾ ಬಾರು. ಡಾನ್ಸ್ ಬಾರುಗಳಲ್ಲಿ ನೋಟಿನ ಮಳೆಯೇ ಸುರಿಯುತ್ತಿತ್ತು. ಆ ದಂಧೆಯಲ್ಲಿ ನಮ್ಮ ಕರಾವಳಿಯವರು ಬಹಳ ಇದ್ದರು, ಗಲ್ಲೆಯಲ್ಲೂ ಇದ್ದರು, ಟ್ರೇ ಹಿಡಿದೂ ಇದ್ದರು. 2005ರ ಆಗಸ್ಟಿನಲ್ಲಿ ಸರಕಾರ ಡಾನ್ಸ್ ಬಾರು ನಿಷೇಧಿಸಿದಾಗ ಕುಣಿಯುವ ಹೆಂಗಸರ ಗತಿ ಏನಾಯಿತು ಎಂದು ಪತ್ರಿಕೆಗಳಲ್ಲಿ ಬಂತು. ವೇಟರುಗಳ ಗತಿ ಅಷ್ಟಾಗಿ ಬರಲಿಲ್ಲ. ಅವರೆಲ್ಲ ಸಾದಾ ಬಾರುಗಳಿಗೆ ಕೆಲಸ ಕೇಳಿಕೊಂಡು ಬಂದರು. ಒಂದು ಟೇಬಲಿಗೆ ಮೂರು ಜನ ವೇಟರು. ನಾನು ಮಸ್ಕತ್ತಿನ ವಿಮಾನ ಹತ್ತಿದ್ದು ಮರುವರ್ಷ.

ಆ ಮೊಕದ್ದಮೆ ಹೋಟೆಲು ಮಾಲಿಕರ ಸಂಘ 'ಆಹಾರ್' ಮತ್ತಿತರರ ಮೂಲಕ ಸುಪ್ರೀಂ ಕೋರ್ಟಿಗೆ ಹತ್ತಿ ಇಳಿದು ಹತ್ತಿ, ಕೊನೆಗೆ 2019ರ ಜನವರಿ 17ರಂದು ಒಂದು ತೀರ್ಪು ಬಂತು. ಅದರಲ್ಲಿ ಟಿಪ್ಸಿನ ಬಗ್ಗೆಯೇ ಒಂದು ಮಾತಿದೆ. ನೋಟು ಎರಚಬಾರದು, ಅದು ಸರಿ. ಆದರೆ ಟಿಪ್ಸು ಕೊಡುವುದಾದರೆ ಬಿಲ್ಲಿಗೆ ಸೇರಿಸಿಯೇ ಕೊಡಬೇಕು ಎಂದು ಸರಕಾರ ಮಾಡಿದ್ದ ನಿಯಮವನ್ನು ಕೋರ್ಟು ಒಪ್ಪಲಿಲ್ಲ. ಹೇಗೆ ಕೊಡಬೇಕು ಎಂದು ಹೇಳುವುದು ಸರಕಾರದ ಕೆಲಸ ಅಲ್ಲ ಎಂದಿತು. ಕೈಗೆ ಕೊಡುವುದಕ್ಕೂ ಬಿಲ್ಲಿಗೆ ಸೇರಿಸುವುದಕ್ಕೂ ಏನು ಫರಕು ಎಂದು ನೀವು ಕೇಳಬಹುದು. ಬಿಲ್ಲಿಗೆ ಸೇರಿದ್ದು ಮೊದಲು ಹೋಗುವುದು ಗಲ್ಲೆಗೆ. ಗಲ್ಲೆಗೆ ಹೋದದ್ದು ವಾಪಸ್ ಬರುವ ದಾರಿ ಉದ್ದ. ಫರಕು ಅದೇ.

ಈ ಫರಕಿನ ಮೇಲೆ ನಮ್ಮ ದೇಶದಲ್ಲಿ ಇನ್ನೂ ಮೂರು ದೊಡ್ಡ ಮೊಕದ್ದಮೆಗಳು ನಡೆದಿವೆ. ಓದುವಾಗ ಒಂದು ಸಂಗತಿ ನನ್ನನ್ನು ತುಂಬ ಕಾಡಿತು, ಅದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. 1976ರಲ್ಲಿ ಜೈಪುರದ ರಾಮಬಾಗ್ ಪ್ಯಾಲೇಸ್ ಹೋಟೆಲಿನ ಕೆಲಸಗಾರರ ಪ್ರಕರಣ. ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಹಾಕಿ ಅದನ್ನು ಕೆಲಸಗಾರರಿಗೆ ಹಂಚುತ್ತಿದ್ದೇವಲ್ಲ, ಮತ್ತೇಕೆ ಹೆಚ್ಚು ಕೊಡಬೇಕು ಎಂಬುದು ಮಾಲಿಕರ ವಾದ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರಿದ್ದ ಪೀಠ ಆ ವಾದ ಒಪ್ಪಲಿಲ್ಲ. ಅದು ಗಿರಾಕಿಯ ಜೇಬಿನಿಂದ ಬಂದದ್ದು, ಮಾಲಿಕನ ಜೇಬಿನಿಂದಲ್ಲ, ಆದ್ದರಿಂದ ಮಾಲಿಕ ಅದನ್ನು ತಾನು ಕೊಟ್ಟ ಸಂಬಳ ಎಂದು ತೋರಿಸುವಂತಿಲ್ಲ. ನನ್ನ ಯಜಮಾನರ 'ಮೇಲಿಂದ್ ಉಂಟಲ್ದಾ' ಎಂಬ ಮಾತಿಗೆ ನಾನು ಮುಂಬಯಿಗೆ ಹೋಗುವ ಎಂಟು ವರ್ಷ ಮುಂಚೆಯೇ ದಿಲ್ಲಿಯಲ್ಲಿ ಉತ್ತರ ಸಿಕ್ಕಿತ್ತು! ನಮಗೆ ಯಾರೂ ಹೇಳಲಿಲ್ಲ.

ಇದೇ ತತ್ವ ಮೂವತ್ತು ವರ್ಷದ ನಂತರ ತಿರುಗಿ ಹೊಡೆಯಿತು, ಅದೂ ನಮ್ಮ ಮೈಸೂರಿನಲ್ಲಿ. ಅಲ್ಲಿಯ ಸದರ್ನ್ ಸ್ಟಾರ್ ಹೋಟೆಲಿನಲ್ಲಿ ಸರ್ವಿಸ್ ಚಾರ್ಜ್ ಎಂದು ಸಂಗ್ರಹಿಸಿ ಕೆಲಸಗಾರರಿಗೆ ಹಂಚುತ್ತಿದ್ದ ಹಣದ ಮೇಲೂ ಇಎಸ್‌ಐ ವಂತಿಗೆ ಕಟ್ಟಬೇಕು ಎಂದು ಇಎಸ್‌ಐ ನಿಗಮ ಕೇಳಿತು. 2007ರಲ್ಲಿ ಸುಪ್ರೀಂ ಕೋರ್ಟು ಹೇಳಿತು: ಕಟ್ಟಬೇಕಿಲ್ಲ, ಅದು ಟಿಪ್ಸಿನ ಬದಲಿಗೆ ಪಡೆದದ್ದು, ವೇತನ ಅಲ್ಲ. 2016ರಲ್ಲಿ ಐಟಿಸಿ ಹೋಟೆಲಿನ ಆದಾಯ ತೆರಿಗೆ ಪ್ರಕರಣದಲ್ಲೂ ಇದೇ ದಿಕ್ಕು. ಕಾರ್ಡಿನಲ್ಲಿ ಬಂದ ಟಿಪ್ಸನ್ನು ಹೋಟೆಲು ಹಂಚಿದರೂ ಅದು ಸಂಬಳ ಅಲ್ಲ, ಆದ್ದರಿಂದ ಸಂಬಳದಿಂದ ಹಿಡಿದ ಹಾಗೆ ಹೋಟೆಲು ಅದರಿಂದ ತೆರಿಗೆ ಹಿಡಿಯಬೇಕಿಲ್ಲ.

ತಪ್ಪು ತೀರ್ಪು ಎಂದು ನಾನು ಹೇಳುತ್ತಿಲ್ಲ. ಮೂರೂ ಒಂದೇ ಮಾತು ಹೇಳುತ್ತವೆ, ಟಿಪ್ಸು ಸಂಬಳ ಅಲ್ಲ. ಆದರೆ ನೋಡಿ, ಸಂಬಳ ಏರಿಸಿ ಎಂದು ಕೇಳುವಾಗ ಆ ಮಾತು ನಮ್ಮ ಕೈ ಹಿಡಿಯುತ್ತದೆ. ಕಾಯಿಲೆ ಬಿದ್ದಾಗ, ಮುದುಕರಾದಾಗ, ಲೆಕ್ಕ ಚುಕ್ತಾ ಮಾಡಿಕೊಂಡು ಮನೆಗೆ ಹೊರಟಾಗ ಅದೇ ಮಾತು ಕೈ ಬಿಡುತ್ತದೆ. ನಿಮ್ಮ ಸಂಪಾದನೆಯಲ್ಲಿ ಅರ್ಧ ಟಿಪ್ಸೇ ಆಗಿದ್ದರೆ ಕಾಗದದ ಮೇಲೆ ನೀವು ಅರ್ಧ ಮನುಷ್ಯ.

ಅಮೇರಿಕದಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ಟಿಪ್ಸು ಸಂಬಳದಲ್ಲೇ ಸೇರಿದ್ದು ಎಂದು ಕಾನೂನೇ ಒಪ್ಪಿದೆ. ಟಿಪ್ಸು ಪಡೆಯುವ ಕೆಲಸಗಾರನಿಗೆ ಮಾಲಿಕ ಕೊಡಬೇಕಾದ ಕೇಂದ್ರದ ಕನಿಷ್ಠ ಕೂಲಿ ಗಂಟೆಗೆ 2 ಡಾಲರ್ 13 ಸೆಂಟ್. 1991ರಿಂದ ಒಂದು ಸೆಂಟೂ ಏರಿಲ್ಲ. ಕನಿಷ್ಠ ಕೂಲಿಗೆ ಬೀಳುವ ಉಳಿಕೆಯನ್ನು ಗಿರಾಕಿ ತುಂಬಬೇಕು, ಅವನು ತುಂಬದಿದ್ದರೆ ಮಾಲಿಕ ತುಂಬಬೇಕು ಎಂದು ಕಾಗದದಲ್ಲಿದೆ. ಹಲವು ರಾಜ್ಯಗಳಲ್ಲಿ ಇದಕ್ಕಿಂತ ಮೇಲು. ಈ ಪದ್ಧತಿ ಅಲ್ಲಿ ಬೇರೂರಿದ್ದರ ಹಿಂದೆ ಗುಲಾಮಗಿರಿಯ ನೆರಳಿದೆ. ಗುಲಾಮಗಿರಿ ಹೋದ ಮೇಲೆ ಪುಲ್ಮನ್ ಕಂಪೆನಿಯ ರೈಲು ಡಬ್ಬಿಗಳಲ್ಲಿ ಕಪ್ಪು ಜನರನ್ನು ಚೂರು ಸಂಬಳಕ್ಕೆ ಇಟ್ಟುಕೊಂಡು, ಉಳಿದದ್ದು ಪ್ರಯಾಣಿಕರಿಂದ ಗಿಟ್ಟಿಸಿಕೊಳ್ಳಿ ಎಂದರು. ಆ ಪೋರ್ಟರುಗಳು 1925ರಲ್ಲಿ ರ‍್ಯಾಂಡಾಲ್ಫ್ ಅವರ ಮುಂದಾಳುತನದಲ್ಲಿ ಸಂಘ ಕಟ್ಟಿ, ಹನ್ನೆರಡು ವರ್ಷ ಹೋರಾಡಿ, 1937ರಲ್ಲಿ ಕಂಪೆನಿಯಿಂದ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡರು. ಜಪಾನಿನಲ್ಲಿ ಟಿಪ್ಸು ಬಿಟ್ಟರೆ ನಾನು ಮೊದಲ ದಿನ ಮಾಡಿದ ಹಾಗೆ ಹುಡುಗ ನಿಮ್ಮ ಹಿಂದೆ ಓಡಿಬರುತ್ತಾನಂತೆ. ಇಂಗ್ಲೆಂಡಿನ ಪಬ್ಬಿನಲ್ಲಿ ಬೀರು ಕೊಟ್ಟವನಿಗೆ ಚಿಲ್ಲರೆ ಬಿಡುವ ರೂಢಿ ಕಡಿಮೆ. "ನಿನಗೂ ಒಂದು ತಗೋ" ಎಂದು ಒಂದು ಬೀರಿನ ದುಡ್ಡು ಕೊಡುವುದು ಅಲ್ಲಿಯ ಮರ್ಯಾದೆ, ಸಮಾನರಿಗೆ ಕೊಡಿಸಿದ ಹಾಗೆ. ಅಲ್ಲಿ 2024ರ ಅಕ್ಟೋಬರ್ ಒಂದರಿಂದ ಹೊಸ ಕಾನೂನು ಜಾರಿಯಾಗಿದೆ: ಟಿಪ್ಸಿನ ಒಂದು ಪೆನ್ನಿಯನ್ನೂ ಮಾಲಿಕ ಇಟ್ಟುಕೊಳ್ಳುವಂತಿಲ್ಲ, ಹಂಚಿಕೆ ನ್ಯಾಯವಾಗಿರಬೇಕು.

ಭಾರತದಲ್ಲಿ ಸದ್ಯದ ಸ್ಥಿತಿ ಎಂದರೆ, ಬಿಲ್ಲಿನಲ್ಲಿ ತಾನಾಗಿಯೇ ಸರ್ವಿಸ್ ಚಾರ್ಜ್ ಸೇರಿಸಬಾರದು ಎಂದು ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲಿ ಹೇಳಿತು. ಹೋಟೆಲಿನವರು ಕೋರ್ಟಿಗೆ ಹೋದರು. ದಿಲ್ಲಿ ಹೈಕೋರ್ಟು 2025ರ ಮಾರ್ಚ್ 28ರಂದು ಪ್ರಾಧಿಕಾರದ ಮಾತನ್ನೇ ಎತ್ತಿಹಿಡಿಯಿತು. ಗಿರಾಕಿ ಮನಸ್ಸಿದ್ದರೆ ಕೊಡಲಿ, ಬಲವಂತ ಇಲ್ಲ. ಗಿರಾಕಿಗೆ ಒಳ್ಳೆಯದಾಯಿತು. ಸಪ್ಲಯರನಿಗೆ?

ಈಗ ನಮ್ಮ ಮಸ್ಕತ್ತು. ಒಮಾನಿಗಳ ಮನೆಗೆ ಹೋದರೆ ಖರ್ಜೂರ, ಕಹ್ವಾ ಕೊಡುತ್ತಾರೆ, ಸಾಕು ಎಂದು ಕಪ್ಪು ಅಲ್ಲಾಡಿಸುವವರೆಗೆ ತುಂಬುತ್ತಲೇ ಇರುತ್ತಾರೆ. ಹೋಟೆಲಿನಲ್ಲೂ ಅವರದು ದೊಡ್ಡ ಕೈ. ಕಾರಿನಲ್ಲಿ ಕೂತು ಹಾರ್ನ್ ಹೊಡೆದು ಕರಕ್ ಚಾ ತರಿಸಿಕೊಂಡವರು ಚಿಲ್ಲರೆ ಕೊಡಲು ಹೋದರೆ "ಖಲ್ಲಿ, ಖಲ್ಲಿ" ಅನ್ನುತ್ತಾರೆ, ಇರಲಿ ಬಿಡು ಎಂದು. ಪೆಟ್ರೋಲ್ ಪಂಪಿನವರು, ಕಾರು ತೊಳೆಯುವವರು ಈ 'ಖಲ್ಲಿ'ಯನ್ನು ನಂಬಿಯೇ ಸಂಬಳ ಪೂರಾ ಊರಿಗೆ ಕಳಿಸುತ್ತಾರೆ. ಲೈಸೆನ್ಸ್ ಇರುವ ಬಾರುಗಳಲ್ಲಿ ಇನ್ನೂ ಹೆಚ್ಚು. ಅದಕ್ಕೇ ಬಾರಿನ ಕೆಲಸಕ್ಕೆ ಬರುವವರು ಕರಾರುಪತ್ರದಲ್ಲಿ ಮೂಲ ವೇತನ ಎಷ್ಟು ಎಂದು ಕೇಳುವುದಿಲ್ಲ, "ಟಿಪ್ಸ್ ಹೇಗೆ?" ಎಂದು ಕೇಳುತ್ತಾರೆ. ನಾನೂ ಹಾಗೇ ಕೇಳಿ ಬಂದವನು. ನಾನು ಮೊದಲು ಕೆಲಸಕ್ಕಿದ್ದ ಕಡೆ ಟಿಪ್ಸಿಗೆ ಡಬ್ಬಿ ಇಟ್ಟಿದ್ದರು, ಬೀಗದ ಕೀಲಿ ಮ್ಯಾನೇಜರ ಹತ್ತಿರ. ಒಡೆದ ಗ್ಲಾಸು, ಓಡಿಹೋದ ಗಿರಾಕಿಯ ಬಿಲ್ಲು ಎಲ್ಲ ಅದರಿಂದಲೇ ವಜಾ. ಉಳಿದದ್ದು ಹಂಚಿಕೆ. ಹಂಚಿಕೆಯಲ್ಲಿ ಮ್ಯಾನೇಜರಿಗೂ ಒಂದು ಪಾಲು. ಮೂರು ವರ್ಷ ನೋಡಿ ಬಿಟ್ಟೆ. ಈಗ ಸ್ಟೋರ್ ಕೀಪರ್, ಟಿಪ್ಸಿಲ್ಲ, ನಿದ್ದೆ ಬರುತ್ತದೆ.

ನಮ್ಮ ರೂಮಿನಲ್ಲಿದ್ದ ಅಣ್ಣ ಬಿಡಲಿಲ್ಲ. ಬೈಂದೂರು ಕಡೆಯವರು, ನನಗಿಂತ ಐದು ವರ್ಷ ದೊಡ್ಡವರು. ಮೂಲ ವೇತನ 70 ರಿಯಾಲ್, ಟಿಪ್ಸು ಸರಾಸರಿ 60. ಒಮ್ಮೆ ಅವರಿಗೆ ಕಿಚನ್ ಸ್ಟೋರಿನಲ್ಲಿ 110 ರಿಯಾಲಿನ ಕೆಲಸ ಕೊಡುತ್ತೇವೆ ಎಂದರು, ಒಪ್ಪಲಿಲ್ಲ. "130 ಬಿಟ್ಟು 110ಕ್ಕೆ ಹೋಪ್ಕೆ ನಂಗೆ ಮಂಡೆ ಸಮ ಇಲ್ದಾ?" ಅಂದರು. ಆ ದಿನದ ಲೆಕ್ಕಕ್ಕೆ ಅವರ ಮಾತು ಸರಿಯೇ. 2019ರಲ್ಲಿ ಮೊಣಕಾಲು ನೋವು ಹೆಚ್ಚಾಗಿ ಟ್ರೇ ಹಿಡಿದು ನಿಲ್ಲಲು ಆಗದೆ ಊರಿಗೆ ಹೊರಟರು. ಹನ್ನೊಂದು ವರ್ಷ ಸರ್ವಿಸು. ಆಗ ಇದ್ದ 2003ರ ಕಾನೂನಿನ ಪ್ರಕಾರ ಗ್ರಾಚ್ಯುಟಿ ಮೊದಲ ಮೂರು ವರ್ಷಕ್ಕೆ ವರ್ಷಕ್ಕೆ ಹದಿನೈದು ದಿನದಂತೆ, ಆಮೇಲೆ ವರ್ಷಕ್ಕೆ ಒಂದು ತಿಂಗಳಿನಂತೆ. ಒಟ್ಟು ಒಂಬತ್ತೂವರೆ ತಿಂಗಳು. ಯಾವುದರ ಮೇಲೆ? ಕೊನೆಯ ಮೂಲ ವೇತನದ ಮೇಲೆ. 665 ರಿಯಾಲ್ ಕೈಗೆ ಬಂತು. ಕಂಪೆನಿ ಮೋಸ ಮಾಡಲಿಲ್ಲ, ಒಂದು ಬೈಸಾ ಕಡಿಮೆ ಕೊಡಲಿಲ್ಲ. ಅಣ್ಣ ರೂಮಿಗೆ ಬಂದು ಹಳೆಯ ಡೈರಿಯ ಹಿಂದಿನ ಪುಟದಲ್ಲಿ ಲೆಕ್ಕ ಬರೆದರು. 130ರ ಮೇಲೆ ಆಗಿದ್ದರೆ 1235. ಆ 110ರ ಕೆಲಸಕ್ಕೆ ಹೋಗಿದ್ದರೂ 1045. ಪೆನ್ನು ಮುಚ್ಚಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ಚಾ ಮಾಡು" ಅಂದರು.

2023ರ ಹೊಸ ಕಾರ್ಮಿಕ ಕಾನೂನಿನಲ್ಲಿ ಮೊದಲ ವರ್ಷದಿಂದಲೇ ವರ್ಷಕ್ಕೆ ಒಂದು ತಿಂಗಳು ಎಂದು ಮಾಡಿದ್ದಾರೆ, ಒಳ್ಳೆಯದೇ. ಆದರೆ ಅದೂ ಮೂಲ ವೇತನದ ಮೇಲೆಯೇ. ಬ್ಯಾಂಕಿನ ಸಾಲವಿರಲಿ, ಫ್ಯಾಮಿಲಿ ವೀಸಾ ಇರಲಿ, ಕೇಳುವುದು ಕಾಗದದಲ್ಲಿರುವ ಸಂಬಳ. ಆದ್ದರಿಂದ ಹೊಸದಾಗಿ ಬರುವ ತಮ್ಮಂದಿರಿಗೆ ನಾನು ಹೇಳುವುದು ಇಷ್ಟೇ. ಟಿಪ್ಸು ಬಂದರೆ ತಗೊಳ್ಳಿ, ಬಗ್ಗದೆ ತಗೊಳ್ಳಿ. ಸಂಬಳ ಮಾತಾಡುವಾಗ ಮಾತ್ರ ಅದು ಇಲ್ಲವೇ ಇಲ್ಲ ಎಂದು ತಿಳಿದು ಮಾತಾಡಿ. ಮಾಲಿಕ ಅದರ ಸುದ್ದಿ ತೆಗೆದರೆ "ಅದು ಗಿರಾಕಿ ಕೊಟ್ಟದ್ದು, ನೀವೆಷ್ಟು ಕೊಡುತ್ತೀರಿ?" ಎಂದು ಕೇಳಿ. ಕೇಳುವುದು ಸುಲಭ ಅಲ್ಲ, ಗೊತ್ತು. ನಾನೂ ಕೇಳಿರಲಿಲ್ಲ.

ಇನ್ನು ನಾವು ಕೊಡುವವರಾದಾಗ ಹೇಗೆ? ಒಳಗಿನ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮವರು ಕೊಡುವುದರಲ್ಲಿ ಹಿಂದೆ. ಊರಿನಲ್ಲಿ ಯಕ್ಷಗಾನದ ವೇಷಧಾರಿಗೆ ನೋಟಿನ ಹಾರ ಹಾಕುತ್ತೇವೆ, ಮೈಕಿನಲ್ಲಿ ಹೆಸರು ಬರುತ್ತದೆ. ಇಲ್ಲಿ ರಾಜ್ಯೋತ್ಸವದ ಊಟಕ್ಕೆ ಬಡಿಸಲು ಬಂದ ಹುಡುಗರು ರಾತ್ರಿ ಹನ್ನೊಂದಕ್ಕೆ ಪಾತ್ರೆ ಗಾಡಿಗೆ ತುಂಬುವಾಗ ನಾವೆಲ್ಲ ಗುಂಪು ಫೋಟೋ ತೆಗೆಸಿಕೊಳ್ಳುತ್ತಿರುತ್ತೇವೆ. ಹೋಟೆಲಿನಲ್ಲಿ ಕೆಲಸ ಮಾಡಿ ಬಂದವರೇ ಕೆಲವರು ಹೆಚ್ಚು ಬಿಗಿ. "ನಾನು ಕಷ್ಟಪಟ್ಟಿಲ್ವಾ, ಅವನೂ ಪಡಲಿ" ಎಂಬುದು ಅವರ ವಾದ. ಇನ್ನು ಕೆಲವರು ನನ್ನ ಹಾಗೆ, ಮಾಲಿಕನ ಜೇಬು ತುಂಬಿಸಿದಂತಾಗುತ್ತದಲ್ಲ ಎಂದು ಸಿದ್ಧಾಂತ ಮಾತಾಡಿ ಕೊನೆಗೆ ಚಿಲ್ಲರೆ ಎತ್ತಿಕೊಂಡು ಹೋಗುವವರು. ಸಿದ್ಧಾಂತ ಸರಿ ಇರಬಹುದು. ಅವತ್ತಿನ ರಾತ್ರಿ ಆ ಹುಡುಗನಿಗೆ ಅದರಿಂದ ಚಾ ಬರುವುದಿಲ್ಲ.

ಆ ಶುಕ್ರವಾರದ ಮೂರು ನೋಟಿಗೆ ಬರುತ್ತೇನೆ. ಕೊನೆಗೆ ಗ್ಯಾರೇಜಿನವನೇ "ಇರಲಿ ಬಿಡಿ, ಖಲ್ಲಿವಲ್ಲಿ" ಎಂದು ಎದ್ದ. ಮೂವರೂ ಹೊರಗೆ ಹೋದರು. ನಾನು ತಟ್ಟೆ ಹುಡುಗನ ಕೈಗೇ ಕೊಟ್ಟು, ಹಿಂದಿಯಲ್ಲಿ ಮೆಲ್ಲಗೆ ಕೇಳಿದೆ, "ತಮ್ಮಾ, ಸಂಬಳ ಎಷ್ಟು ನಿನಗೆ?"

ಹುಡುಗ ಗಲ್ಲೆಯ ಕಡೆ ಒಮ್ಮೆ ನೋಡಿ, ನೋಟು ಮಡಚಿ ಜೇಬಿಗಿಟ್ಟು, ನನ್ನನ್ನೇ ಕೇಳಿದ:

"ಟಿಪ್ಸ್ ಸೇರಿಸಿ ಹೇಳಲಾ, ಬಿಟ್ಟು ಹೇಳಲಾ?"